ಯಾರೂ ಎಳೆಯದ ಹಗ್ಗ

ಆ ಊರಿಗೆ ಹೆಸರಿರಲಿಲ್ಲ. ಕೇಳಿಕೊಂಡು ಬರುವವರಿದ್ದರೆ ತಾನೆ ಊರಿಗೆ ಹೆಸರು ಬೇಕು? ಸುತ್ತ ನೆತ್ತಿ ಕಾಣದ ಬೆಟ್ಟಗಳು, ನಡುವೆ ಬೋಗುಣಿಯಂಥ ತಗ್ಗು, ತಗ್ಗಿನ ತಳದಲ್ಲಿ ಊರು. ಅಷ್ಟು ಆಳಕ್ಕೆ ಸೂರ್ಯ ಎಂದೂ ಇಣುಕಿ ನೋಡಿದವನಲ್ಲ. ಹಾಗಾದರೆ ಆ ಜನ ಕತ್ತಲಲ್ಲೇ ತಡಕಾಡಿಕೊಂಡು ಬದುಕಿದರೇ ಅಂದರೆ, ಇಲ್ಲ. ಅವರು ಕತ್ತಲನ್ನು ಕಡೆಯುತ್ತಿದ್ದರು.

ಮೊಸರು ಕಡೆದರೆ ಬೆಣ್ಣೆ ಬರುವುದು ನಮಗೆಲ್ಲ ಗೊತ್ತು. ಕತ್ತಲು ಕಡೆದರೆ ಬೆಳಕು ಬರುವುದು ಅವರಿಗೆ ಗೊತ್ತಿತ್ತು. ಊರ ನಡುವೆ ಒಂದು ಬಾವಿ, ಬಾವಿಯ ತುಂಬ ಕತ್ತಲು, ಕತ್ತಲಿನೊಳಗೆ ಇಳಿಬಿಟ್ಟ ಒಂದು ಕಡೆಗೋಲು. ಅದನ್ನು ನೆಟ್ಟವರು ಯಾರೋ, ಅದು ಯಾವ ಮರದ್ದೋ, ಹೇಳುವವರು ಯಾರೂ ಉಳಿದಿರಲಿಲ್ಲ. ಅದರ ತುದಿ ನೋಡಲು ಕತ್ತೆತ್ತಿದರೆ ತಲೆಯ ರುಮಾಲು ಹಿಂದಕ್ಕೆ ಬೀಳುತ್ತಿತ್ತು.

ಬಾವಿಗೆ ಬಂದು ಕೂಡುವ ಬೀದಿಗಳು ಮೂರು. ಮೇಲಿನ ಬೀದಿ, ಕೆಳಗಿನ ಬೀದಿ, ಅಡ್ಡಬೀದಿ. ಬೀದಿಗೊಂದು ಹಗ್ಗ, ತೋಳಿನಷ್ಟು ದಪ್ಪ. ಬಾವಿಕಟ್ಟೆಯ ಮೇಲೆ ನಗಾರಿಯವನು ಕೂತು ನಗಾರಿ ಬಡಿಯುತ್ತಿದ್ದ. ಅವನ ಪೆಟ್ಟಿಗೆ ಮೇಲಿನ ಬೀದಿ ಎಳೆಯಬೇಕು. ಅದರ ಎಳೆತ ಇಳಿಮುಖವಾಗುವಷ್ಟರಲ್ಲಿ ಕೆಳಗಿನ ಬೀದಿ ಎಳೆಯಬೇಕು. ಅದರದು ಇಳಿಯುವಷ್ಟರಲ್ಲಿ ಅಡ್ಡಬೀದಿ. ಎಳೆ, ಬಿಡು, ಎಳೆ, ಬಿಡು. ಮೆಲ್ಲಗೆ ಏರಬೇಕು, ಮೆಲ್ಲಗೆ ಇಳಿಯಬೇಕು, ಮಲಗಿದ ಮಗುವಿನ ಉಸಿರಿನ ಹಾಗೆ. ಕಡೆಗೋಲು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಿರುಗುತ್ತಿತ್ತು, ಬಾವಿಯ ಬಾಯಿಂದ ಬೆಳಕು ನೊರೆನೊರೆಯಾಗಿ ಎದ್ದು ಬರುತ್ತಿತ್ತು. ಆ ನೊರೆ ಸೂರಿನ ಮೇಲೆ ಕೂರುತ್ತಿತ್ತು, ಹೊಲದ ಮೇಲೆ ಕೂರುತ್ತಿತ್ತು, ರಾಗಿ ತೆನೆ ಅದನ್ನೇ ಕುಡಿದು ಬಲಿಯುತ್ತಿತ್ತು. ಹುಟ್ಟಿದಾಗಿಂದ ನೋಡಿದವರೂ ದಿನದ ಮೊದಲ ನೊರೆ ಏಳುವಾಗ ಒಂದು ಗಳಿಗೆ ಮಾತು ನಿಲ್ಲಿಸುತ್ತಿದ್ದರು.

ಇನ್ನು ನಾಲ್ಕನೆಯ ಹಗ್ಗದ ಮಾತು. ಮನೆಯ ಕಡೆಗೋಲು ವಾಲದಿರಲೆಂದು ಕಂಬಕ್ಕೆ ಕುಣಿಕೆ ಹಾಕುವುದಿಲ್ಲವೇ, ಹಾಗೆ ಊರ ಕಡೆಗೋಲನ್ನು ಬೆಟ್ಟಕ್ಕೆ ಬಿಗಿದ ಹಗ್ಗ ಅದು. ಅದನ್ನು ಯಾರೂ ಎಳೆಯುವಂತಿರಲಿಲ್ಲ. ಮೂರು ಬೀದಿಗಳ ಎಳೆತ ಒಂದರ ಬೆನ್ನಿಗೊಂದು ಬಂದು, ಒಂದನ್ನೊಂದು ತಿಂದು ತೇಗಿ, ನಾಲ್ಕನೆಯ ಹಗ್ಗಕ್ಕೆ ಏನೆಂದರೆ ಏನೂ ಉಳಿಯುತ್ತಿರಲಿಲ್ಲ. ಊರೆಲ್ಲ ಬೆವರು ಸುರಿಸುವಾಗ ಅದು ಸುಮ್ಮನೆ ಜೋತುಕೊಂಡಿರುತ್ತಿತ್ತು. ಅದು ಸುಮ್ಮನಿರುವುದೇ ಊರಿನ ಭಾಗ್ಯ ಎಂದು ಹಿರಿಯರು ಹೇಳುತ್ತಿದ್ದರು. ಅದು ತುಂಡಾದರೆ ಕಡೆಗೋಲು ಉರುಳುತ್ತದೆ, ಕಡೆಗೋಲು ಉರುಳಿದರೆ ಮತ್ತೆ ನೆಡುವ ವಿದ್ಯೆ ಯಾರಿಗೂ ತಿಳಿಯದು.

ಆ ಹಗ್ಗಕ್ಕೆ ಒಬ್ಬಳು ಕಾವಲಿದ್ದಳು. ತಾಯಿಯಿಂದ ಮಗಳಿಗೆ ಬಂದ ಕೆಲಸ. ಹಗ್ಗ ಬೆಟ್ಟಕ್ಕೆ ತಾಗುವಲ್ಲಿ ಒಂದು ಕಲ್ಲುಮಣೆ. ಅಲ್ಲಿ ಕೂತು ದಿನಕ್ಕೆ ಮೂರು ಹೊತ್ತು ಬಲಗೈಯ ಅಂಗೈಯನ್ನು ಹಗ್ಗದ ಮೇಲಿಡಬೇಕು, ಕಣ್ಣು ಮುಚ್ಚಬೇಕು, ಇಪ್ಪತ್ತು ನಗಾರಿ ಪೆಟ್ಟು ಎಣಿಸಬೇಕು, ಆಮೇಲೆ "ತಣ್ಣಗದೆ" ಎಂದು ಊರಿಗೆ ಕೇಳುವಂತೆ ಕೂಗಬೇಕು. ಮುಟ್ಟಬೇಕು, ಹಿಡಿಯಬಾರದು. ಅವಳ ಮುತ್ತಜ್ಜಿ ಒಮ್ಮೆ ಗಾಬರಿಯಲ್ಲಿ ಬೆರಳು ಮಡಿಸಿ ಹಿಡಿದುಬಿಟ್ಟಳಂತೆ, ಹಗ್ಗ ಅವಳನ್ನು ಬಾವಿಯವರೆಗೂ ಎಳೆದುಕೊಂಡು ಹೋಯಿತಂತೆ. ಇವಳು ಮಾತ್ರ ಇಪ್ಪತ್ತೆರಡು ವರ್ಷ "ತಣ್ಣಗದೆ" ಎಂದು ಕೂಗಿದ್ದಳು, ಬೇರೆ ಮಾತು ಕೂಗಿರಲಿಲ್ಲ.

ಕೂತು ಉಣ್ಣುವವರಿಗೆ ಕುಡಿಕೆ ಹೊನ್ನು ಸಾಲದು ಎಂದು ಬೀದಿಯ ಹೆಂಗಸರು ಅವಳನ್ನು ರೇಗಿಸುತ್ತಿದ್ದರು. "ಸಾಕಾಯ್ತೇನವ್ವ ಕೂತೂ ಕೂತೂ? ಅಂಗೈ ಒತ್ತಿಕೊಡ್ಲಾ?" ಅನ್ನುತ್ತಿದ್ದರು. ಅವಳು ನಗುತ್ತಿದ್ದಳು. ಮನಸ್ಸಿನೊಳಗೆ ಅವರು ಹೇಳುವುದೂ ನಿಜವೇ ಅಂದುಕೊಳ್ಳುತ್ತಿದ್ದಳು.

ಆ ಊರಿಗೆ ಕಾನೂನು ಒಂದೇ: ಎಳೆದವರಿಗೆ ಬೆಳಕು. ಹಾಲುಹಲ್ಲು ಬಿದ್ದ ದಿನದಿಂದ ದಿನಕ್ಕೊಂದು ಸರದಿ ಹಗ್ಗ ಹಿಡಿಯಬೇಕು. ನಗಾರಿಯವನಿಗೂ ಹಗ್ಗದ ಕಾವಲಿನವಳಿಗೂ ಅವರ ಕೆಲಸವೇ ಎಳೆತ. ಉಳಿದವರು ಯಾರೇ ಆಗಲಿ, ಹಗ್ಗ ಎಳೆಯಲಾಗದ ದಿನ ಬಂದರೆ ಕಣಿವೆಯ ಬಾಗಿಲು ದಾಟಿ ಹೊರಗಿನ ಕತ್ತಲಿಗೆ ನಡೆಯಬೇಕು. ನಡೆದವರು ಯಾರೂ ತಿರುಗಿ ಬಂದಿರಲಿಲ್ಲ. ಕಾನೂನು ಕ್ರೂರವಾಗಿತ್ತು, ಆದರೆ ಅದನ್ನು ಕ್ರೂರ ಅಂದವರು ಯಾರೂ ಇರಲಿಲ್ಲ. ಹುಟ್ಟಿದಾಗಿಂದ ಇರುವುದಕ್ಕೆ ಯಾರು ಹೆಸರಿಡುತ್ತಾರೆ?

ಒಂದು ದಿನ ಕಾವಲಿನವಳ ಗಂಡನ ಎರಡೂ ಕೈ ಅಡ್ಡಬೀದಿಯ ಹಗ್ಗದ ಸುರುಳಿಗೆ ಸಿಕ್ಕಿದವು. ಅಂಗೈ ಉಳಿದವು, ಬೆರಳು ಒಂದೂ ಉಳಿಯಲಿಲ್ಲ. ಗಾಯ ಮಾಯುವವರೆಗೆ ಊರು ಕಾಯಿತು. ಮಾಯಿದ ಮೇಲೆ ಊರ ಹಿರಿಯಳಾದ ದೊಡ್ಡವ್ವ ಬಂದು ಜಗುಲಿಯ ಮೇಲೆ ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಯಾಕೆ ಬಂದಳೆಂದು ಯಾರೂ ಕೇಳಲಿಲ್ಲ. ಗಂಡ ಎದ್ದು ಚೌಕ ಹೆಗಲಿಗೆ ಹಾಕಿಕೊಂಡ.

ಕಾವಲಿನವಳ ತಮ್ಮ ಬಡಗಿ. ಅವನು ಭಾವನ ಮುಂದೆ ಕೈ ಅಡ್ಡ ಹಿಡಿದು, "ಒಂದೇ ಒಂದು ದಿನ ತಡ್ಕ ಭಾವ" ಎಂದ. ಮಾರನೆಯ ದಿನ ಒಂದು ಮರದ ಕೊಕ್ಕೆ ಕೆತ್ತಿ ತಂದು ಭಾವನ ಸೊಂಟದ ಪಟ್ಟಿಗೆ ಬಿಗಿದ. ಹಗ್ಗದ ಮೇಲೆ ಒಂದು ಗಂಟು ಹಾಕಿದ. ಹಗ್ಗ ಏರಿ ಏರಿ ತುತ್ತತುದಿಗೆ ಬಂದಾಗ ಗಂಟು ಕೊಕ್ಕೆಗೆ ಸಿಕ್ಕುತ್ತಿತ್ತು, ಮೈ ಹಿಂದಕ್ಕೆ ಬಿಟ್ಟರೆ ಒಂದೇ ಜಗ್ಗು. ಆಮೇಲೆ ಗಂಟು ತಾನೇ ಕಳಚಿಕೊಳ್ಳುತ್ತಿತ್ತು. ಕೈಯೇ ಬೇಡ. ಅವನು ಅಡ್ಡಬೀದಿಯಲ್ಲಿ ಮತ್ತೆ ನಿಂತ. ಹೆಂಡತಿ ಅಂದು ಕಲ್ಲುಮಣೆಯ ಮೇಲೆ ಕೂತು ಸುಖಕ್ಕೆ ಅತ್ತಳು.

ಕೊಕ್ಕೆ ನೋಡಿ ದೊಡ್ಡವ್ವ ತನಗೂ ಒಂದು ಕೇಳಿದಳು. ಅವಳ ಮೊಣಕೈ ಸೋತು ಎಷ್ಟೋ ಕಾಲವಾಗಿತ್ತು, ಹೇಳಿಕೊಂಡಿರಲಿಲ್ಲ. ಕೈ ನಡುಗುವವರು, ಎದೆ ನೋವಿನವರು, ಭುಜ ಜಾರಿದವರು, ಹೀಗೆ ನಲವತ್ತು ಜನ ಕೊಕ್ಕೆಯಿಂದ ಊರಿನಲ್ಲಿ ಉಳಿದುಕೊಂಡರು. ಅಷ್ಟಕ್ಕೇ ನಿಂತಿದ್ದರೆ ಈ ಕಥೆ ಇಲ್ಲ. ಕೊಕ್ಕೆ ಹಾಕಿದವರ ಎರಡೂ ಕೈ ಖಾಲಿ ಇರುವುದನ್ನು ಗಟ್ಟಿಮುಟ್ಟಾದವರು ನೋಡಿದರು. ಎಳೆಯುತ್ತಲೇ ಅವರೆಕಾಯಿ ಬಿಡಿಸಬಹುದು. ಎಳೆಯುತ್ತಲೇ ಹೂ ಕಟ್ಟಬಹುದು, ಚೌಕಾಬಾರ ಆಡಬಹುದು, ಎಲೆಅಡಿಕೆ ಮೆಲ್ಲಬಹುದು. ಬಡಗಿಗೆ ಕೆತ್ತಲು ಬಿಡುವಿಲ್ಲದಂತಾಯಿತು. ವರ್ಷ ತುಂಬುವಷ್ಟರಲ್ಲಿ ಮೂರೂ ಬೀದಿಗಳಲ್ಲಿ ಹಗ್ಗ ಕೈಯಲ್ಲಿ ಹಿಡಿದವರನ್ನು ಹುಡುಕಿದರೂ ಸಿಗುತ್ತಿರಲಿಲ್ಲ.

ಬೆಳಕು ತೆಳ್ಳಗಾಗತೊಡಗಿತು. ಮೊದಮೊದಲು ಯಾರಿಗೂ ತಿಳಿಯಲಿಲ್ಲ. ಆಮೇಲೆ ಕೊನೆಯ ಮನೆಯವರು ಅಕ್ಕಿಯಲ್ಲಿ ಕಲ್ಲು ಕಾಣುತ್ತಿಲ್ಲ ಎಂದರು. ಬೆಳಕು ಸಾಲದೆಂದು ಸರದಿಯನ್ನು ಉದ್ದ ಮಾಡಿದರು, ಜಗ್ಗು ಜೋರು ಮಾಡಿದರು. ಮೊದಲು ಒಂದು ಸರದಿಗೆ ಒಂದು ಚೌಕ ಬೆವರಿನಲ್ಲಿ ನೆನೆಯುತ್ತಿತ್ತು, ಈಗ ಮೂರು ಚೌಕ ಹಿಂಡುವಂತಾಯಿತು. ಸೊಂಟ ಹಿಡಿದುಕೊಂಡು ಮನೆಗೆ ಹೋಗುವವರ ಸಾಲು ಬೆಳೆಯಿತು. ಬೆವರು ಮೂರು ಪಾಲು, ಬೆಳಕು ಅರೆಪಾಲು. ಕೊಟ್ಟದ್ದು ಎಲ್ಲಿಗೆ ಹೋಯಿತು ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ನಗಾರಿಯವನಿಗೆ ಕರೆ ಹೋಯಿತು. ಅವನ ಕೆಲಸ ಬರೀ ಬಡಿಯುವುದಲ್ಲ, ಯಾರು ಹಿಂದೆ ಬಿದ್ದರು ಎಂದು ನೋಡುವುದೂ ಅವನದೇ. ಹಗ್ಗಗಳಿಗೆ ಕೆಂಪು ಬಟ್ಟೆಯ ಚೂರು ಕಟ್ಟಿದ್ದ. ಪೆಟ್ಟು ಬಿದ್ದಾಗ ಬಟ್ಟೆ ಗುರುತಿನ ಕಲ್ಲಿಗೆ ಬಂದಿರಬೇಕು. ಹಿಂದಿನ ಕಾಲದಲ್ಲಿ ಮೈಭಾರದ ಮಂದಿ ತಡವಾಗಿ ಎಳೆಯುತ್ತಿದ್ದುದುಂಟು. ಅದಕ್ಕೊಂದು ಮದ್ದೂ ಇತ್ತು: ತೂಗುಗಲ್ಲು. ಹಗ್ಗದ ಪಕ್ಕದಲ್ಲಿ ಉದ್ದನೆಯ ಬಿದಿರಿಗೆ ಕಲ್ಲು ತೂಗುಬಿಟ್ಟರೆ, ಜನ ಎಷ್ಟು ತಡವೋ ಕಲ್ಲು ಅಷ್ಟು ಮುಂಚೆ ಎಳೆದು ಲೆಕ್ಕ ಸರಿಮಾಡುತ್ತಿತ್ತು. ಆ ಮದ್ದು ಒಮ್ಮೆಯೂ ಸುಳ್ಳಾಗಿರಲಿಲ್ಲ.

ನಗಾರಿಯವನು ಮೂರು ದಿನ ಕಣ್ಣು ಮಿಟುಕಿಸದೆ ನೋಡಿದ. ಕೊಕ್ಕೆಯ ಜಗ್ಗು ಎಳೆತದ ತುತ್ತತುದಿಗೇ ಬೀಳುತ್ತಿತ್ತು, ಕೂದಲೆಳೆಯಷ್ಟೂ ಹಿಂದಿಲ್ಲ, ಮುಂದಿಲ್ಲ. "ನಮ್ಮಪ್ಪನ ಕಾಲದಲ್ಲೂ ಇಷ್ಟು ಸರಿಯಾಗಿ ತಾಳ ಬಿದ್ದಿರ್ಲಿಲ್ಲ ದೊಡ್ಡವ್ವ. ಒಬ್ರೂ ತಡ ಇಲ್ಲ. ನನ್ನ ತಾಳದಲ್ಲಿ ತಪ್ಪು ಹುಡುಕ್ಬೇಡಿ," ಎಂದ. ಪಾಪ, ಅವನು ಸುಳ್ಳು ಹೇಳಲಿಲ್ಲ. ಅವನ ಕಣ್ಣಿಗೆ ಕಾಣುವುದು ತಡ ಒಂದೇ.

ಅದೇ ದಿನ ಕಾವಲಿನವಳು ಹಗ್ಗದ ಮೇಲೆ ಕೈಯಿಟ್ಟಳು. ಒಂದು, ಎರಡು, ಮೂರು ಎಂದು ಎಣಿಸುತ್ತ ಹೋದವಳು ಒಂಬತ್ತಕ್ಕೆ ನಿಂತಳು. ಕೈ ತೆಗೆದು ಸೆರಗಿಗೆ ಒರೆಸಿಕೊಂಡು ಮತ್ತೆ ಇಟ್ಟಳು. ಯಾರೂ ಎಳೆಯದ ಹಗ್ಗ, ಯಾರೂ ಹಿಡಿಯದ ಹಗ್ಗ, ಈಗ ತಾನೆ ಕರೆದ ಹಾಲಿನಷ್ಟು ಬೆಚ್ಚಗಿತ್ತು. ಇಪ್ಪತ್ತೆರಡು ವರ್ಷದ ಮೇಲೆ ಅವಳ ಬಾಯಲ್ಲಿ ಬೇರೆ ಮಾತು ಬಂತು.

"ಬೆಚ್ಚಗದೆ," ಎಂದು ಕೂಗಿದಳು.

ಬೀದಿಯಲ್ಲಿ ನಗು ಎದ್ದಿತು. ಕೂತು ಕೂತು ಅವಳಿಗೇ ಜ್ವರ ಬಂದಿರಬೇಕು ಎಂದರು. ದೊಡ್ಡವ್ವ ಮಾತ್ರ ಕೋಲೂರಿಕೊಂಡು ಬಂದಳು, ಮುದಿ ಅಂಗೈಯನ್ನು ಹಗ್ಗಕ್ಕೆ ತಾಗಿಸಿದಳು, ಬಹಳ ಹೊತ್ತು ಬೆಟ್ಟದ ಕಡೆ ನೋಡಿದಳು. ನಗು ನಿಂತಿತು.

ಊರು ಕೂತು ಯೋಚಿಸಿತು. ಯೋಚನೆ ಗೊತ್ತಿದ್ದ ದಾರಿಗೇ ಹೋಯಿತು. ಬೆಳಕು ಕಡಿಮೆಯಾದರೆ ಎಲ್ಲೋ ಯಾರೋ ತಡ ಮಾಡುತ್ತಿದ್ದಾರೆ, ತಡಕ್ಕೆ ಮದ್ದು ತೂಗುಗಲ್ಲು. ತಡವೇ ಇಲ್ಲ ಎಂದು ನಗಾರಿಯವನು ಹೇಳಿದ್ದು ಎಲ್ಲರಿಗೂ ಕೇಳಿತ್ತು. ಆದರೂ ಕೈಗೆ ಒಂದೇ ಮದ್ದು ಗೊತ್ತಿದ್ದವರಿಗೆ ರೋಗಗಳೂ ಒಂದೇ ಆಗಿ ಕಾಣುತ್ತವೆ. ಒಂದೇ ದಿನದಲ್ಲಿ ಅರವತ್ತು ಹೊಸ ಕಲ್ಲು ತೂಗುಬಿಟ್ಟರು. ಕೊನೆಗೆ ಬಿದಿರು ಸಾಲದೆ ಬಡಗಿ ಅಡ್ಡಬೀದಿಯ ತುದಿಯಲ್ಲಿ ಒಂದು ಕಲ್ಲನ್ನು ಮೋಟು ಬಿದಿರಿಗೇ ಕಟ್ಟಿ ಕೈ ತೊಳೆದುಕೊಂಡ.

ಕಾವಲಿನವಳು ಹಗ್ಗ ಬಿಟ್ಟು ಏಳಲಿಲ್ಲ. ಬಿಸಿ ಎಲ್ಲಿಂದ ಬರುತ್ತಿದೆ ಎಂದು ಹಗ್ಗವನ್ನೇ ಕೇಳಬೇಕು, ಬೇರೆ ಯಾರಿಗೆ ಗೊತ್ತು? ಕಣ್ಣು ಮುಚ್ಚಿ ಕೂತಳು. ಬಿಸಿಯ ಕೆಳಗೆ ಒಂದು ಮಿಡಿತವಿತ್ತು. ನಗಾರಿ ಧಿಮ್ಮೆಂದಿತು, ಹಗ್ಗ ಮಿಡಿಯಿತು, ಮಿಡಿಯಿತು, ಮಿಡಿಯಿತು. ನಗಾರಿ ಧಿಮ್ಮೆಂದಿತು, ಹಗ್ಗ ಮತ್ತೆ ಮೂರು ಸಲ ಮಿಡಿಯಿತು. ಊರಿಗೆ ಒಂದು ತಾಳ, ಹಗ್ಗಕ್ಕೆ ಮೂರು. ದೊಡ್ಡ ಉಸಿರಿನ ಹೊಟ್ಟೆಯಲ್ಲಿ ಮೂರು ಸಣ್ಣ ಉಸಿರು ಅಡಗಿ ಕೂತಂತೆ. ಅವಳಿಗೆ ಭಯವಾಯಿತು, ಭಯಕ್ಕಿಂತ ದೊಡ್ಡದೊಂದು ಬೆರಗೂ ಆಯಿತು. ಕಣ್ಣಿಗೆ ಕಾಣದೆ, ಕಿವಿಗೆ ಕೇಳದೆ, ಇದು ಇಷ್ಟು ದಿನ ಊರಿನ ನಡುವೆಯೇ ಇತ್ತು.

ಎದ್ದು ಬಾವಿಕಟ್ಟೆಗೆ ಹೋಗಿ ನಿಂತು ನೋಡಿದಳು. ಮೇಲಿನ ಬೀದಿ ಜಗ್ಗಿತು. ಆಗ ಕೆಳಗಿನ ಬೀದಿ ಅವರೆಕಾಯಿ ಬಿಡಿಸುತ್ತಿತ್ತು, ಅಡ್ಡಬೀದಿ ಹರಟೆ ಹೊಡೆಯುತ್ತಿತ್ತು. ಕೆಳಗಿನ ಬೀದಿ ಜಗ್ಗಿತು, ಮಿಕ್ಕೆರಡೂ ಸುಮ್ಮನಿದ್ದವು. ಅಡ್ಡಬೀದಿ ಜಗ್ಗಿತು, ಆಗಲೂ ಹಾಗೆಯೇ. ಹಿಂದೆ ಒಂದು ಬೀದಿಯ ಎಳೆತ ಇಳಿಯುವಾಗ ಇನ್ನೊಂದರದು ಏರಿರುತ್ತಿತ್ತು, ಒಂದರ ಹೆಚ್ಚನ್ನು ಇನ್ನೊಂದು ತಿಂದು ಹಾಕುತ್ತಿತ್ತು. ಈಗ ಒಬ್ಬರು ಜಗ್ಗುವಾಗ ತಿನ್ನುವವರು ಯಾರೂ ಇಲ್ಲ. ಆ ಜಗ್ಗು ಎಲ್ಲಿಗೆ ಹೋಗಬೇಕು? ಬೆಟ್ಟದ ಹಗ್ಗಕ್ಕೇ ಹೋಗಬೇಕು. ಮೂರು ಬೀದಿ, ಮೂರು ಜಗ್ಗು, ಮೂರು ಮಿಡಿತ. ಮಜ್ಜಿಗೆ ಕಡೆಯುವ ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಾಳೆ: ಕಡೆಗೋಲು ಜಗ್ಗಿದರೆ ಮಜ್ಜಿಗೆ ಚೆಲ್ಲುತ್ತದೆ, ಕೈ ನೋಯುತ್ತದೆ, ಬೆಣ್ಣೆ ಬರುವುದಿಲ್ಲ.

ಕೊಕ್ಕೆ. ತನ್ನ ಗಂಡನನ್ನು ಉಳಿಸಿದ ಕೊಕ್ಕೆ.

ಅಂದು ಅವಳು ಗಂಡನಿಗೆ ಎಂದಿನಂತೆ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ತುತ್ತು ಮಾಡಿ ಬಾಯಿಗಿಟ್ಟಳು.

"ಹಗ್ಗ ಯಾಕೆ ಬೆಚ್ಚಗಾಗ್ಯದೆ?" ಎಂದು ಅವನು ಕೇಳಿದ.

"ಗೊತ್ತಿಲ್ಲ ಕಣ್ರೀ. ಉಣ್ಣಿ."

"ನಿನ್ನ ಕೈ ಕೆಂಪಗಾಗ್ಯದೆ."

"ಸೌದೆ ಒಲೆ ತಾಕ್ತು."

ಕೊಕ್ಕೆಯ ಮಾತನ್ನು ಅವಳು ಮೂರು ದಿನ ಬಾಯಿ ಬಿಟ್ಟು ಹೇಳಲಿಲ್ಲ. ಅಡಕತ್ತರಿಗೆ ಸಿಕ್ಕ ಅಡಿಕೆ ಅಂತಾರಲ್ಲ, ಅವಳ ಪಾಡು ಅದೇ. ಹೇಳಿದರೆ ಊರು ಕೊಕ್ಕೆ ಬಿಚ್ಚಿಸುತ್ತದೆ, ಗಂಡ ಕಣಿವೆ ದಾಟುತ್ತಾನೆ. ಹೇಳದಿದ್ದರೆ ಹಗ್ಗ ಹರಿಯುತ್ತದೆ, ಎಲ್ಲರಿಗೂ ಕತ್ತಲು. ಇಷ್ಟು ದೊಡ್ಡ ಲೆಕ್ಕದಲ್ಲಿ ಒಬ್ಬ ಗಂಡ ಎಷ್ಟರವನು ಎಂದು ನಾವು ಹೇಳಬಹುದು. ಅವಳ ಜಾಗದಲ್ಲಿ ಕೂತವರು ಹೇಳಲಾರರು. ಅವಳು ಕೈಯನ್ನು ಹಗ್ಗದ ಮೇಲಿಟ್ಟು, ತಾನು ಎಣಿಸಿದ್ದು ತಪ್ಪಿರಲಿ ಎಂದು ಬೇಡಿಕೊಳ್ಳುತ್ತ ಎಣಿಸಿದಳು. ಎಷ್ಟು ಸಲ ಎಣಿಸಿದರೂ ಮೂರೇ ಬಂತು. ಎರಡನೆಯ ದಿನ ಅಂಗೈಯಲ್ಲಿ ಬೊಬ್ಬೆ ಎದ್ದಿತು. ಅವಳು ಕೈ ತೆಗೆಯಲಿಲ್ಲ.

ಮೂರನೆಯ ದಿನ ತೂಗುಗಲ್ಲುಗಳು ಕುಣಿಯತೊಡಗಿದವು. ಜನ ಅದನ್ನು ನೋಡುತ್ತ ನಿಂತುಬಿಟ್ಟರು. ದೊಡ್ಡ ತಾಳಕ್ಕೆ ಮೆಲ್ಲಗೆ ತೂಗಬೇಕಾದ ಕಲ್ಲುಗಳು ಜಗ್ಗಿನೊಳಗಿನ ಸಣ್ಣ ಮಿಡಿತಗಳನ್ನು ಹೀರಿ ಹೀರಿ, ಒಂದರ ಕುಣಿತ ಇನ್ನೊಂದಕ್ಕೆ ಹತ್ತಿ, ದೆವ್ವ ಬಂದವರಂತೆ ಆಡಿದವು. ಕೆಳಗಿನ ಬೀದಿಯಲ್ಲಿ ಒಂದು ಬಿದಿರು ಸಿಡಿದು, ಕಲ್ಲು ಹಾರಿ ಹೋಗಿ ನಗಾರಿಯನ್ನು ಸೀಳಿತು. ಗಾಯದ ಮೇಲೆ ಬರೆ ಎಳೆದ ಹಾಗಾಯಿತು ಮದ್ದು. ಹಗ್ಗಗಳು ತೊನೆದವು. ನಾಲ್ಕನೆಯ ಹಗ್ಗದಿಂದ ಎಳೆ ಹೊಗೆ ಎದ್ದಿತು.

ಕಾವಲಿನವಳು ಹಗ್ಗದ ಮೇಲಿಂದ ಕೈ ಎತ್ತಿದಳು. ಅಂಗೈಯ ತೊಗಲು ಹಗ್ಗದ ಮೇಲೆಯೇ ಉಳಿಯಿತು. ಬೀದಿಯ ನಡುವೆ ಬಂದು ನಿಂತು ಹೇಳಿದಳು.

"ಕೊಕ್ಕೆಯಿಂದ ಕಣವ್ವ ಇದು. ತಾಳ ಸರಿಯಾಗೇ ಅದೆ, ಎಳೆತ ಸರಿಯಿಲ್ಲ. ತಡ ಮಾಡಿದ್ದಲ್ಲ, ಎಳೆತದ ಆಕಾರ ಕೆಡಿಸಿದ್ದೀವಿ. ಮೂರು ದಿನದ ಹಿಂದೆನೇ ನಂಗೆ ಗೊತ್ತಾಗಿತ್ತು. ನಮ್ಮ ಮನೆಯವರು ಹೋಗ್ಬೇಕಾಯ್ತದಲ್ಲ ಅಂತ ಬಾಯಿ ಮುಚ್ಚಿಕೊಂಡಿದ್ದೆ. ತಪ್ಪಾಯ್ತು."

ಯಾರೂ ಬೈಯಲಿಲ್ಲ. ಅವಳ ಕೈ ನೋಡಿ ಯಾರಿಗೂ ಬೈಗುಳ ಬರಲಿಲ್ಲ. ದೊಡ್ಡವ್ವ ತನ್ನ ಸೊಂಟಕ್ಕೆ ಕೈಹಾಕಿ ಮೊದಲು ತನ್ನ ಕೊಕ್ಕೆಯನ್ನೇ ಬಿಚ್ಚಿ ನೆಲಕ್ಕೆ ಹಾಕಿದಳು. ಅದರ ಮೇಲೆ ಒಂದೊಂದಾಗಿ ಊರಿನ ಕೊಕ್ಕೆಗಳೆಲ್ಲ ಬಿದ್ದವು. ಹೊಸ ಕಲ್ಲುಗಳನ್ನು ಇಳಿಸಿದರು. ಅಡ್ಡಬೀದಿಯ ತುದಿಯ ಮೋಟು ಬಿದಿರೊಂದು ಯಾರ ಕಣ್ಣಿಗೂ ಬೀಳದೆ ಉಳಿಯಿತು. ಹರಿದ ನಗಾರಿಗೆ ಹೊಸ ತೊಗಲು ಬಿಗಿದು ಬಡಿದರು. ಮರೆತ ಕೈಗಳು ಹಗ್ಗ ಹಿಡಿದವು. ಏರಿದವು, ಇಳಿದವು. ಏರಿದವು, ಇಳಿದವು.

ಬಾವಿಯಿಂದ ಬೆಳಕು ಉಕ್ಕಿತು. ಸೂರು ದಾಟಿತು, ಮರ ದಾಟಿತು, ಯಾವ ಕಾಲದಲ್ಲೂ ಕಾಣದ ಬೆಟ್ಟದ ನೆತ್ತಿಯವರೆಗೂ ಹೋಯಿತು. ನೆತ್ತಿಯ ಮೇಲೆ ಮರಗಳಿವೆಯೆಂದು ಊರಿಗೆ ಅಂದೇ ಗೊತ್ತಾದದ್ದು. ಎಳೆಯುತ್ತಿದ್ದವರ ಕಣ್ಣಲ್ಲಿ ನೀರು ಬಂತು. ಅಷ್ಟು ಬೆಳಕಿನಲ್ಲಿ ನಲವತ್ತು ಜನ ಗೋಡೆಗೆ ಒರಗಿ, ಖಾಲಿ ನಿಂತಿರುವುದೂ ಎಲ್ಲರಿಗೂ ಚೆನ್ನಾಗಿ ಕಂಡಿತು.

"ನಡೀರಪ್ಪ, ಹೊತ್ತು ಮಾಡೋದ್ ಬೇಡ," ಎಂದು ದೊಡ್ಡವ್ವ ಕೋಲೂರಿಕೊಂಡು ಕಣಿವೆಯ ಕಡೆ ಹೊರಟಳು. ಮೂವತ್ತೊಂಬತ್ತು ಜನ ಅವಳ ಹಿಂದೆ ಹೊರಟರು. ಕೊನೆಯಲ್ಲಿ ಬೆರಳಿಲ್ಲದ ಗಂಡ. ಹೆಂಡತಿಯ ಹತ್ತಿರ ಬಂದಾಗ ನಿಂತು, "ಸೌದೆ ಒಲೆ ಅಂದ್ಯಲ್ಲೇ," ಎಂದ. ಅಷ್ಟೇ ಅಂದು ಮುಂದೆ ನಡೆದ.

ಅವಳು ಅವನ ಬೆನ್ನು ನೋಡಲಾರದೆ ಮುಖ ತಿರುಗಿಸಿದಳು. ತಿರುಗಿಸಿದ ಕಡೆ ಅಡ್ಡಬೀದಿಯ ತುದಿಯ ಮೋಟು ಬಿದಿರಿತ್ತು. ಆಗ ನೆನಪಾಯಿತು. ಎಲ್ಲ ಕಲ್ಲುಗಳೂ ಕುಣಿದು ಹಗ್ಗವನ್ನೂ ಕುಣಿಸಿದ ಹೊತ್ತಿನಲ್ಲಿ ಈ ಕಲ್ಲು ಎಲ್ಲಕ್ಕಿಂತ ಹೆಚ್ಚು ಕುಣಿದಿತ್ತು. ಆದರೆ ಅದರ ಪಕ್ಕದ ಹಗ್ಗ ಮಾತ್ರ ನೀರಿನಂತೆ ನುಣ್ಣಗೆ ಹರಿದಿತ್ತು. ಅದು ಒಂದು ತಾಳಕ್ಕೆ ಮೂರು ಸಲ ಕುಣಿದಿತ್ತು.

"ತಮ್ಮಾ," ಎಂದಳು. "ಆ ಮೋಟು ಕಲ್ಲು ಮಿಡಿತಾನ ಹಗ್ಗಕ್ಕೆ ಬಿಡ್ಲಿಲ್ಲ ಕಣೋ. ತಾನೇ ಕುಡಿದುಬಿಡ್ತು. ಕೊಕ್ಕೆಗೊಂದು ಅಂಥದೇ ಕಲ್ಲು ಪಕ್ಕದಲ್ಲೇ ಕಟ್ಟಿದ್ರೆ?"

ಬಡಗಿ ಓಡಿದ. ಕಣಿವೆಯ ಬಾಗಿಲಲ್ಲಿ ನಲವತ್ತು ಜನರನ್ನು ತಡೆದು ಕರೆತಂದ. ಗಟ್ಟಿಮುಟ್ಟಾದವರ ಕೊಕ್ಕೆಗಳು ನೆಲದ ಮೇಲೆಯೇ ಉಳಿದವು. ನಲವತ್ತು ಕೊಕ್ಕೆಗಳಿಗೆ ನಲವತ್ತು ಮೋಟು ಬಿದಿರು, ನಲವತ್ತು ಕಲ್ಲು. ನಗಾರಿ ಬಡಿಯಿತು. ಊರು ಕೈಯಲ್ಲಿ ಎಳೆಯಿತು, ನಲವತ್ತು ಜನ ಕೊಕ್ಕೆಯಲ್ಲಿ ಜಗ್ಗಿದರು, ಅವರ ಪಕ್ಕದಲ್ಲಿ ನಲವತ್ತು ಕಲ್ಲುಗಳು ತಾಳಕ್ಕೆ ಮೂರು ಸಲ ಕುಣಿದವು.

ಎಲ್ಲರೂ ಕಾವಲಿನವಳ ಕಡೆ ನೋಡಿದರು. ಅವಳು ಕಲ್ಲುಮಣೆಯ ಮೇಲೆ ಕೂತು ಹಗ್ಗದ ಮೇಲೆ ಅಂಗೈ ಇಟ್ಟಳು. ಇಪ್ಪತ್ತು ಪೆಟ್ಟು ಎಣಿಸಿದಳು. ಮತ್ತೆ ಇಪ್ಪತ್ತು ಎಣಿಸಿದಳು. ಆಮೇಲೆ ಕೈಯನ್ನು ಮಡಿಲಿಗೆ ತೆಗೆದುಕೊಂಡು ತಲೆ ತಗ್ಗಿಸಿದಳು.

"ನಂಗೆ ಏನೂ ಗೊತ್ತಾಗ್ತಿಲ್ಲ. ಕೈ ಸತ್ತೋಗ್ಯದೆ."

ಎಡಗೈ ಇಡು ಎಂದರು. ಎಡಗೈ ಆ ಕೆಲಸ ಕಲಿತಿರಲಿಲ್ಲ. ಅವಳಿಗೆ ಮಗಳಿರಲಿಲ್ಲ. ಒಬ್ಬೊಬ್ಬರಾಗಿ ಬಂದು ಮುಟ್ಟಿದರು. ವರ್ಷಾನುಗಟ್ಟಲೆ ಹಗ್ಗ ಹಿಡಿದು ಜಡ್ಡುಗಟ್ಟಿದ ಅಂಗೈಗಳು, ಒಬ್ಬನಿಗೆ ಬಿಸಿ ಎನಿಸಿತು, ಇನ್ನೊಬ್ಬನಿಗೆ ತಣ್ಣಗೆ ಎನಿಸಿತು. ಎಲ್ಲರಿಗಿಂತ ಮೊದಲು ಹಗ್ಗ ಬಿಟ್ಟ, ಗಾಯ ಮಾಯ್ದು ಹೊಸ ತೊಗಲು ಬಂದ, ಮಗುವಿನ ಅಂಗೈಯಷ್ಟು ಮೆತ್ತಗಾದ ಕೈ ಒಂದೇ ಒಂದಿತ್ತು. ಅವಳು ಗಂಡನನ್ನು ಕರೆದು ಅವನ ಮೋಟು ಕೈಯನ್ನು ಹಗ್ಗದ ಮೇಲೆ ತಾನೇ ಇಟ್ಟಳು.

"ಇದು ಹೆಂಗಾಯ್ತದೆ?" ಎಂದ ನಗಾರಿಯವನು. "ಬೆಚ್ಚಗದೆ ಅಂದ್ರೆ ಅವನೇ ಹೋಗ್ಬೇಕು. ತಣ್ಣಗದೆ ಅಂತಾನೇ ಅಂದಾನು. ಯಾರು ನಂಬೋದು?"

ಗಂಡ ಕಣ್ಣು ಮುಚ್ಚಿದ. ಊರು ಎಳೆಯಿತು. ಹತ್ತು ಪೆಟ್ಟು ಆಯಿತು, ಇಪ್ಪತ್ತಾಯಿತು. ಸಾಲಿನ ಮೂವತ್ತೊಂಬತ್ತು ಜನ ಅವನ ತುಟಿಯನ್ನೇ ನೋಡುತ್ತಿದ್ದರು. ಹೆಂಡತಿಯ ಕಣ್ಣು ನೆಲದಲ್ಲಿತ್ತು.

"ಬೆಚ್ಚಗದೆ," ಎಂದ ಅವನು.

ದೊಡ್ಡವ್ವ ಕೋಲು ಎತ್ತಿಕೊಂಡಳು. ಯಾರೋ ಅತ್ತರು. ಗಂಡ ಕಣ್ಣು ತೆರೆಯದೆ, ಕೈ ತೆಗೆಯದೆ ಮತ್ತೆ ಹೇಳಿದ: "ಸ್ವಲ್ಪವೇ ಬೆಚ್ಚಗದೆ. ಮೂರು ಮಿಡಿತ ಇನ್ನೂ ಅದೆ, ತೆಳ್ಳಗೆ. ಕೆಳಗಿನ ಬೀದಿಯದು ಜಾಸ್ತಿ ಹೊಡೀತದೆ. ಅಲ್ಲಿಯ ಬಿದಿರು ಉದ್ದ ಆಗ್ಯದೆ ಕಣೋ ಬಡಗಿ, ಒಂದು ಗೇಣು ಕುಯ್ದು ನೋಡು."

ಬಡಗಿ ಕುಯ್ದ. ಗಂಡ ಕೈಯಿಟ್ಟುಕೊಂಡೇ, ಇಲ್ಲ, ಹೆಚ್ಚಾಯಿತು, ಕಲ್ಲು ಭಾರ ಮಾಡು ಎಂದ. ಭಾರ ಮಾಡಿದರು. ಇನ್ನೊಂದು ಚೂರು ಎಂದ. ಒಂದು ಇಡೀ ಸರದಿ ಹೀಗೇ ನಡೆಯಿತು. ತನ್ನನ್ನೇ ಹೊರಗೆ ಕಳಿಸುವ ಮಾತನ್ನು ಅವನು ಹದಿನೇಳು ಸಲ ಹೇಳಿದ. ಹದಿನೆಂಟನೆಯ ಸಲ ಸುಮ್ಮನಾದ. ಇಪ್ಪತ್ತು ಪೆಟ್ಟು ಪೂರ್ತಿ ಎಣಿಸಿ, ಬೆಟ್ಟಕ್ಕೆ ಕೇಳುವಂತೆ ಕೂಗಿದ. ಈ ಸಲ ಯಾರು ನಂಬುವುದು ಎಂದು ಯಾರೂ ಕೇಳಲಿಲ್ಲ.

ಹಿಡಿಯಬಾರದ ಹಗ್ಗಕ್ಕೆ ಹಿಡಿಯಲಾರದ ಕೈಯೇ ಸರಿ ಎಂದು ದೊಡ್ಡವ್ವ ಅಂದೇ ಅವನನ್ನು ಕಲ್ಲುಮಣೆಯ ಮೇಲೆ ಕೂರಿಸಿದಳು. ಕಾನೂನು ಕಾನೂನೇ. ಕಾವಲಿನವಳು ಈಗ ಕಾವಲಿನವಳಲ್ಲ, ಅವಳೂ ಎಳೆಯಬೇಕು. ಸುಟ್ಟ ಕೈ ಹಗ್ಗ ಹಿಡಿಯದು. ಬಡಗಿ ಅಕ್ಕನ ಸೊಂಟದ ಅಳತೆ ತೆಗೆದುಕೊಂಡ.

ಮಾರನೆಯ ದಿನ ಅವಳು ಅಡ್ಡಬೀದಿಯಲ್ಲಿ ಗಂಡ ನಿಲ್ಲುತ್ತಿದ್ದ ಜಾಗದಲ್ಲಿ ನಿಂತಳು. ಪಕ್ಕದಲ್ಲಿ ಮೋಟು ಬಿದಿರು, ಅದರ ಕಲ್ಲು. ನಗಾರಿ ಬಡಿಯಿತು. ಹಗ್ಗ ಏರಿ ಬಂತು, ಗಂಟು ಕೊಕ್ಕೆಗೆ ಸಿಕ್ಕಿತು. ಬಾವಿಯೊಳಗಿನ ಅಷ್ಟೂ ಕತ್ತಲಿನ ಭಾರ ಒಂದೇ ಸಲ ಅವಳ ಸೊಂಟಕ್ಕೆ ಬಂದು ಬಿತ್ತು. ಅವಳ ಉಸಿರು ನಿಂತುಹೋಯಿತು. ಸುತ್ತಲೂ ಊರೆಲ್ಲ ಇದನ್ನೇ ಹೊತ್ತು ನಿಂತಿತ್ತು, ಹಾಲುಹಲ್ಲು ಬಿದ್ದ ಮಕ್ಕಳೂ ಹೊತ್ತಿದ್ದರು. ಬಾವಿಯ ಬಾಯಿಂದ ಬೆಳಕು ಏಳುತ್ತಿತ್ತು, ಅದರಲ್ಲಿ ಒಂದು ನೊರೆ ಈಗ ಅವಳದು.

ಸರದಿ ಮುಗಿಸಿ, ಸೊಂಟ ಹಿಡಿದುಕೊಂಡು ಅವಳು ಕಲ್ಲುಮಣೆಯ ಹತ್ತಿರ ಹೋದಳು. ಚೌಕ ಹಿಂಡಿದರೆ ನೀರು ಸುರಿಯುತ್ತಿತ್ತು.

"ಇಷ್ಟು ಭಾರ ಅಂತ ನೀವು ಒಂದು ದಿನವೂ ಹೇಳ್ಲಿಲ್ಲವಲ್ರೀ," ಎಂದಳು.

"ನೀನು ಬೆಳಕು ನೋಡ್ಕೊಂಡು ಕೂತಿರ್ತಿದ್ದೆ ಕಣೆ," ಎಂದ ಅವನು. "ಹಾಗೇ ಇರ್ಲಿ ಅನ್ನಿಸ್ತಿತ್ತು."